47ಕ್ಕೆ ಗಿಟಾರ್ ಹಿಡಿದರೆ ಮನೆಯವರು ನಗ್ತಾರೆ, ಏನು ಮಾಡಲಿ?

ಪ್ರಶ್ನೆ: ನನಗೆ 47 ವರ್ಷ. ಮನೆ ಡೊಂಬಿವಿಲಿ, ಕೆಲಸ ಮುಂಬೈಯ ಫೋರ್ಟಿನಲ್ಲಿ. ಗಿಟಾರ್ ಕಲಿಯುವ ಆಸೆ ಕಾಲೇಜಿನ ದಿನಗಳಿಂದ ಇದೆ. ಮಗ ಅರ್ಧಕ್ಕೆ ಬಿಟ್ಟ ಗಿಟಾರ್ ಲಾಫ್ಟ್ ಮೇಲೆ ಧೂಳು ತಿನ್ನುತ್ತಿದೆ. ಕಲಿಯುತ್ತೇನೆ ಅಂದರೆ ಹೆಂಡತಿ, ಮಗಳು ಇಬ್ಬರೂ ನಗುತ್ತಾರೆ. ಈ ವಯಸ್ಸಿನಲ್ಲಿ ಬೆರಳು ಬಗ್ಗುತ್ತಾ? ಇವರನ್ನು ಒಪ್ಪಿಸುವುದು ಹೇಗೆ?

ಉತ್ತರ: ಬೆರಳು ಬಗ್ಗುತ್ತದೆ. ಒಪ್ಪಿಸುವ ಕೆಲಸಕ್ಕೆ ಮಾತ್ರ ಹೋಗಬೇಡಿ.

ನಾನು ಶುರು ಮಾಡಿದ್ದು 43ಕ್ಕೆ. ಮುಲುಂಡಿನ ವನ್ ಬಿಎಚ್‌ಕೆ, ಅದರೊಳಗೆ ನಾಲ್ಕು ಜನ. ಒಂದು ಶನಿವಾರ ಧೋಬಿ ತಲಾವಿಗೆ ಹೋಗಿ, 1865ರಿಂದ ವಾದ್ಯ ಮಾರುತ್ತಿರುವ ಫರ್ಟಾಡೋಸ್ ಅಂಗಡಿಯ ಗಾಜಿನ ಮುಂದೆ ಎರಡು ಸಲ ಆಚೀಚೆ ಓಡಾಡಿ, ಮೂರನೇ ಸಲ ಒಳಗೆ ಹೋದೆ. ವಾಪಸ್ ಬರುವಾಗ ಲೇಡೀಸ್ ಡಬ್ಬಿಯಲ್ಲಿ ಆ ಚೀಲವನ್ನು ಮಗುವಿನ ಹಾಗೆ ತಬ್ಬಿಕೊಂಡು ನಿಂತಿದ್ದೆ. ಪಕ್ಕದಾಕೆ "ಮಗಂದಾ?" ಅಂತ ಮರಾಠಿಯಲ್ಲಿ ಕೇಳಿದಳು. ಹೌದು ಅಂದುಬಿಟ್ಟೆ. ನನಗಿರುವುದು ಒಬ್ಬಳೇ ಮಗಳು.

ಮನೆಯಲ್ಲಿ ನಮ್ಮನೆಯವರು ಬಿಲ್ ನೋಡಿ, "ಇಷ್ಟಕ್ಕೆ ಒಳ್ಳೇ ಮಿಕ್ಸರ್ ಬರ್ತಿತ್ತು" ಅಂದರು. ಮಗಳು ಬಾಗಿಲು ಹಾಕಿಕೊಂಡಳು. ಅತ್ತೆ ಒಬ್ಬರೇ ವಿಚಾರ ಮಾಡಿ ಕೇಳಿದ್ದು: "ಕಲಿಯೋದೇ ಆದ್ರೆ ವೀಣೆ ಕಲೀಬಾರ್ದಿತ್ತಾ?"

ಮೊದಲು ಬೆರಳಿನ ಮಾತು ಮುಗಿಸೋಣ. ಯಾವ ಆಸರೆಯೂ ಇಲ್ಲದೆ ಸ್ವರ ಕೇಳಿದ ಕೂಡಲೇ ಹೆಸರು ಹೇಳುವ ಶಕ್ತಿ ತೀರಾ ಚಿಕ್ಕ ವಯಸ್ಸಿನಲ್ಲಿ ಬಂದರೇನೇ ಬಂತು. ಗಿಟಾರ್‌ಗೆ ಅದು ಬೇಡವೇ ಬೇಡ. ಉಳಿದದ್ದನ್ನೆಲ್ಲ ದೊಡ್ಡವರೂ ಕಲಿಯಬಹುದು. ತೊಂದರೆ ಏನೆಂದರೆ, ನಮಗೆ ವಿಷಯ ಬೇಗ ತಿಳಿಯುತ್ತದೆ, ಕೈ ತಡವಾಗಿ ಬರುತ್ತದೆ. ಮಕ್ಕಳಿಗೆ ಎರಡೂ ನಿಧಾನ, ಅದಕ್ಕೆ ಅವರಿಗೆ ಬೇಜಾರಿಲ್ಲ. ದಿನಕ್ಕೆ 20 ನಿಮಿಷ ಕೂತರೆ ಸಾಕು. ಭಾನುವಾರ ಎರಡು ಗಂಟೆ ಕೂತು ವಾರವೆಲ್ಲ ಬಿಟ್ಟರೆ ಏನೂ ಆಗುವುದಿಲ್ಲ, ಯಾಕೆಂದರೆ ಕೈ ಕಲಿತದ್ದು ಕೂರುವುದು ನಿದ್ದೆಯಲ್ಲಿ. ಒಂದು ರಾತ್ರಿಗಿಂತ ಏಳು ರಾತ್ರಿ ಮೇಲು. ಬೆರಳ ತುದಿ ಮೂರ್ನಾಲ್ಕು ವಾರ ಉರಿದು ಆಮೇಲೆ ಜಡ್ಡುಗಟ್ಟುತ್ತದೆ. ಕೈ ಜೋಮು ಹಿಡಿದರೆ ಅಥವಾ ಮಣಿಕಟ್ಟು ನೋಯುತ್ತಿದ್ದರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆರಳು ಮಡಚಿದಲ್ಲೇ ಸಿಕ್ಕಿಕೊಳ್ಳುವ ತೊಂದರೆ ಜಾಸ್ತಿ, ಅದನ್ನು ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬೇಡಿ.

ಈಗ ನಗುವಿನ ವಿಷಯ.

ಮನೆಯವರು ನಗುವುದು ನಿಮ್ಮ ವಯಸ್ಸಿಗೆ ಅಂತ ನಿಮಗೆ ಅನ್ನಿಸಿದೆ. ನನಗೂ ಹಾಗೇ ಅನ್ನಿಸಿತ್ತು. ಆದರೆ ಒಮ್ಮೆ ಅವರ ಕಿವಿಯಿಂದ ಕೇಳಿ ನೋಡಿ. ಶುರುವಿನಲ್ಲಿ ನೀವು ಕಲಿಯುವುದು ಕಾರ್ಡ್, ಅಂದರೆ ಮೂರ್ನಾಲ್ಕು ಸ್ವರ ಒಟ್ಟಿಗೆ ಮೀಟುವುದು. ("ಯಾವ ಕಾರ್ಡು? ರೇಷನ್ನಿಂದಾ?" ಅಂತ ನಮ್ಮತ್ತೆ ನಿಜಕ್ಕೂ ಕೇಳಿದ್ದರು.) ಜಿ ಕಾರ್ಡಿನಿಂದ ಸಿ ಕಾರ್ಡಿಗೆ ಬೆರಳು ಬದಲಿಸುವುದನ್ನು ಒಂದು ಸಂಜೆಗೆ ಅರವತ್ತು ಸಲ ಮಾಡುತ್ತೀರಿ. ನಲವತ್ತನೆಯದು ಮೂವತ್ತನೆಯದಕ್ಕಿಂತ ಚೂರು ಸಲೀಸಾಗಿದ್ದು ನಿಮ್ಮ ಕೈಗೆ ಗೊತ್ತು. ಅಡುಗೆಮನೆಗೆ ಕೇಳುವುದು ಬರೀ ಟ್ರಂಕ್ ಎಳೆದಂಥ ಸದ್ದು, ಅರವತ್ತು ಸಲ. ಕುಕ್ಕರ್ ಆದರೂ ಮೂರು ಸೀಟಿಗೆ ನಿಲ್ಲುತ್ತದೆ. ಅದು ಹಾಡೂ ಅಲ್ಲ, ರಾಗವೂ ಅಲ್ಲ. ನಗದೆ ಇನ್ನೇನು ಮಾಡ್ತಾರೆ ಪಾಪ?

ನಮ್ಮನೆಯಲ್ಲಿ ಗಾಳಿ ತಿರುಗಿದ್ದು ನಾನು ಬೇಸತ್ತು ಕಾರ್ಡ್ ಬಿಟ್ಟ ದಿನ. ಚಿಕ್ಕಂದಿನಲ್ಲಿ ಎರಡು ವರ್ಷ ಸಂಗೀತದ ಟೀಚರ ಹತ್ತಿರ ಹೋಗಿದ್ದೆ. ಸರಳೆ ವರಸೆ, ಅಂದರೆ ಸರಿಗಮ ಏರಿಳಿಸುವ ಮೊದಲ ಪಾಠ, ನಾಲಿಗೆಯ ಮೇಲಿತ್ತು. ಸುಮ್ನೆ ಒಂದೇ ತಂತಿಯ ಮೇಲೆ ಹುಡುಕತೊಡಗಿದೆ. ಇದು ನೀವೂ ಮಾಡಬಹುದು. ಕೆಳಗಿನಿಂದ ಮೂರನೇ ತಂತಿಯನ್ನು ಒತ್ತದೆ ಮೀಟಿ, ಅದೇ ನಿಮ್ಮ ಸ. ಗಿಟಾರಿನ ಕುತ್ತಿಗೆಯ ಮೇಲೆ ಅಡ್ಡಕ್ಕೆ ಲೋಹದ ಪಟ್ಟಿಗಳಿವೆಯಲ್ಲ, ವೀಣೆಯ ಮೆಟ್ಟಿಲಿನ ಹಾಗೆ, ಅವು ಫ್ರೆಟ್. ಒಂದೊಂದು ಫ್ರೆಟ್ಟಿಗೂ ದನಿ ಅರ್ಧ ಸ್ವರದಷ್ಟು ಏರುತ್ತದೆ. 1ನೇ ಫ್ರೆಟ್ ರಿ, 4 ಗ, 5 ಮ, 7 ಪ, 8 ದ, 11 ನಿ. 12ಕ್ಕೆ ಬಂದರೆ ತಂತಿಯ ಸರಿಯಾಗಿ ನಡುಮಧ್ಯ, ಅಲ್ಲಿ ಮೇಲಿನ ಸ. ಇದು ಮಾಯಾಮಾಳವಗೌಳ, ಪುರಂದರದಾಸರು ಹಾಕಿಕೊಟ್ಟದ್ದು ಅಂತ ನಾವು ಹೇಳಿಕೊಂಡು ಬಂದಿರುವ ಮೊದಲ ಪಾಠದ ರಾಗ. ಗಮಕವಿಲ್ಲದೆ, ಅಂದರೆ ಸ್ವರವನ್ನು ಅಲುಗಿಸದೆ, ನೇರ ಸ್ವರದಲ್ಲಿ ಹೇಳಿಕೊಡುವ ಪಾಠ, ಹಾಗಾಗಿ ಫ್ರೆಟ್ಟಿಗೆ ಚೆನ್ನಾಗಿ ಕೂರುತ್ತದೆ.

ಎರಡನೇ ಸಲ ಏರಿ ಇಳಿಯುವಾಗ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದ ಅತ್ತೆ ಅಲ್ಲಿಂದಲೇ ಕೂಗಿದರು. "ದ ಜಾಸ್ತಿ ಏರ್ತು ನೋಡು." ಎಂಟಕ್ಕೆ ಇಡಬೇಕಾದ ಬೆರಳನ್ನು ಒಂಬತ್ತಕ್ಕೆ ಇಟ್ಟಿದ್ದೆ. ಸರಿಮಾಡಿದೆ. "ಹಾಂ, ಈಗ ಬಂತು. ಎರಡನೇ ಕಾಲ ಮಾಡು." ಅಂದರೆ ಎರಡರಷ್ಟು ವೇಗದಲ್ಲಿ. ಅಂದಿನಿಂದ ಅವರು ನಗಲಿಲ್ಲ. ಬೈಯುತ್ತಾರೆ, ಅದು ಬೇರೆ ಮಾತು.

ಹಾಗಾಗಿ ನಿಮ್ಮ ಮನೆಯ ಕಿವಿಗೆ ಏನು ಪರಿಚಯ ಅಂತ ಯೋಚಿಸಿ. ಸರಳೆ ವರಸೆಯೇ ಆಗಬೇಕಿಲ್ಲ. ಹೆಂಡತಿ ಶುಕ್ರವಾರ ಹೇಳುವ ದೇವರನಾಮ ಆಗಬಹುದು, ಮಗಳು ದಿನಾ ಗುನುಗುವ ಧಾಟಿ ಆಗಬಹುದು. ಒಂದೇ ತಂತಿಯ ಮೇಲೆ, ಮುರಿದು ಮುರಿದು ಬಂದರೂ ಪರವಾಗಿಲ್ಲ. ಅರ್ಧ ಹಾಡು ಕೇಳಿದವರಿಗೆ ಉಳಿದರ್ಧ ಸರಿಮಾಡದೆ ಇರಲಾಗುವುದಿಲ್ಲ. ಕಾರ್ಡ್ ಅಭ್ಯಾಸವನ್ನು ಅವರು ಹೊರಗೆ ಹೋದಾಗ ಇಟ್ಟುಕೊಳ್ಳಿ.

ಅದೂ ಆಗದಿದ್ದರೆ ಸದ್ದನ್ನೇ ಕಡಿಮೆ ಮಾಡಿ. ತಂತಿಗಳ ಕೆಳಗೆ, ಗಿಟಾರಿನ ಹೊಟ್ಟೆಯ ಮೇಲೆ ಅವು ಕಟ್ಟಿರುವ ತುದಿಯ ಹತ್ತಿರ, ಒಂದು ಹಳೇ ಕರ್ಚೀಫ್ ಮಡಚಿ ತುರುಕಿದರೆ ಪಕ್ಕದ ರೂಮಿಗೆ ಅಷ್ಟಾಗಿ ಕೇಳುವುದಿಲ್ಲ. ಎಲೆಕ್ಟ್ರಿಕ್ ಗಿಟಾರ್ ಅಂದರೆ ಮನೆಯವರು ಬೆಚ್ಚಿಬೀಳುತ್ತಾರೆ, ಗಣಪತಿ ಪೆಂಡಾಲೇ ಮನೆಗೆ ಬಂತು ಅನ್ನುವ ಹಾಗೆ. ನಿಜ ಅದಕ್ಕೆ ಉಲ್ಟಾ. ಅದಕ್ಕೆ ಟೊಳ್ಳು ಹೊಟ್ಟೆ ಇಲ್ಲ. ಸ್ಪೀಕರಿಗೆ ಜೋಡಿಸದೆ ನುಡಿಸಿದರೆ ಮಾಮೂಲಿ ಗಿಟಾರಿಗಿಂತ ಎಷ್ಟೋ ಮೆತ್ತಗೆ. ಹೆಡ್‌ಫೋನ್ ಹಾಕಿದರೆ ನಿಮಗೊಬ್ಬರಿಗೇ ಜೋರು. ರಾತ್ರಿಯ ಡೊಂಬಿವಿಲಿ ಲೋಕಲ್ ಇಳಿದು ಊಟ ಮುಗಿಸಿ ಕೂರುವವರಿಗೆ ಇದೇ ಸರಿ, ಯಾಕೆಂದರೆ ಸದ್ದಿನ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಸೊಸೈಟಿಯ ಸೆಕ್ರೆಟರಿಗಳಿಗೆ ಬೇರೆ ಯಾವ ನಿಯಮ ಮರೆತರೂ ಇದು ಮರೆಯುವುದಿಲ್ಲ.

ನಗುವಿಗಿಂತ ನೀವು ಹೆದರಬೇಕಾದದ್ದು ಹೊಗಳಿಕೆಗೆ. ಗೌರಿ ಗಣೇಶ ಹಬ್ಬಕ್ಕೆ ಮಾಟುಂಗಾದಿಂದ ನೆಂಟರು ಬಂದಿದ್ದರು. ಕಡುಬು ತಿಂದಾದ ಮೇಲೆ ನಮ್ಮನೆಯವರು, ಅದೇ ಮಿಕ್ಸರ್ ಮನುಷ್ಯರು, "ಇವಳು ಗಿಟಾರ್ ಬಾರಿಸ್ತಾಳೆ, ಕೇಳಿ" ಅಂದುಬಿಟ್ಟರು. ಹೆಮ್ಮೆಯಿಂದಲೇ ಅಂದದ್ದು. ಎಂಟು ಜನ ಸೋಫಾದ ಮೇಲೆ. ಆರು ತಿಂಗಳ ಪಾಠ ಬೆವರಿನಲ್ಲಿ ಜಾರಿಹೋಯಿತು. ಎರಡು ಸಾಲು ನುಡಿಸಿ ಕಾಫಿ ಮಾಡುವ ನೆಪದಲ್ಲಿ ಎದ್ದೆ. "ಚೆನ್ನಾಗಿದೆ ಚೆನ್ನಾಗಿದೆ" ಅಂದರು ಎಲ್ಲರೂ, ಮಕ್ಕಳಿಗೆ ಹೇಳುವ ದನಿಯಲ್ಲಿ. ಮಿಕ್ಸರ್ ಮಾತಿಗೆ ಒಂದು ದಿನವೂ ಅಭ್ಯಾಸ ತಪ್ಪಿಸದ ನಾನು ಆಮೇಲೆ ಮೂರು ವಾರ ಗಿಟಾರ್ ಮುಟ್ಟಲಿಲ್ಲ. ನೀವು ಇವತ್ತೇ ಮನೆಯಲ್ಲಿ ಹೇಳಿಬಿಡಿ: ಒಂದು ವರ್ಷ ಯಾವ ನೆಂಟರ ಮುಂದೆಯೂ ಇಲ್ಲ. ಜನರ ಮುಂದೆ ನುಡಿಸಲೇಬೇಕು ಅನ್ನಿಸಿದರೆ ಟ್ರಿನಿಟಿ ಕಾಲೇಜ್ ಲಂಡನ್‌ನವರ ಗ್ರೇಡ್ ಪರೀಕ್ಷೆಗಳಿವೆ, ವಯಸ್ಸಿನ ಮಿತಿ ಇಲ್ಲ. ಅಲ್ಲಿ ಪರೀಕ್ಷಕರು ಕನಿಷ್ಠ ಕಡುಬು ತಿನ್ನುತ್ತಾ ಕೂರುವುದಿಲ್ಲ.

ಇನ್ನು ಲಾಫ್ಟ್ ಮೇಲಿನ ಗಿಟಾರ್. ಎಷ್ಟು ಮಳೆಗಾಲ ಅಲ್ಲಿ ಕಳೆದಿದೆಯೋ, ಇಳಿಸಿದ ಕೂಡಲೇ ಅದರಲ್ಲೇ ಕಲಿಯಲು ಕೂರಬೇಡಿ. ಮೊದಲು ತಂತಿ ಸ್ಟೀಲಿನದಾ, ನೈಲಾನಿನದಾ ನೋಡಿ. ನೈಲಾನ್ ಆದರೆ ಬೆರಳಿಗೆ ಮೆತ್ತಗೆ, ನಿಮ್ಮ ಅದೃಷ್ಟ. ಆದರೆ ಅದಕ್ಕೆ ಯಾವತ್ತೂ ಸ್ಟೀಲ್ ತಂತಿ ಹಾಕಬೇಡಿ. ಆರು ಸ್ಟೀಲ್ ತಂತಿ ಸೇರಿ ಸುಮಾರು 70 ಕಿಲೋ ಭಾರದಷ್ಟು ಎಳೆಯುತ್ತವೆ, ನೈಲಾನಿಗೆಂದು ಮಾಡಿದ ಮರ ಅದನ್ನು ತಡೆಯುವುದಿಲ್ಲ. ಆಮೇಲೆ 12ನೇ ಫ್ರೆಟ್ಟಿನ ಹತ್ತಿರ ತಂತಿ ಎಷ್ಟು ಎತ್ತರದಲ್ಲಿದೆ ಅಂತ ಸ್ಕೇಲ್ ಇಟ್ಟು ಅಳೆಯಿರಿ. ಮೂರು ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಐದು ದಾಟಿದ್ದರೆ ಕುತ್ತಿಗೆ ಬಾಗಿರಬಹುದು, ಇಲ್ಲವೇ ಹೊಟ್ಟೆ ಉಬ್ಬಿರಬಹುದು. ಅಂಥದ್ದನ್ನು ಒತ್ತಿ ಒತ್ತಿ ಬೆರಳು ನೋಯಿಸಿಕೊಂಡೇ ನಿಮ್ಮ ಮಗ ಬಿಟ್ಟಿರಬಹುದು. ರಿಪೇರಿಯವರಿಗೆ ತೋರಿಸಿ, ತಂತಿಯನ್ನು ಕೆಳಗಿಳಿಸಿ ಕೊಡುತ್ತಾರೆ. ಹೊಸ ತಂತಿ ಹಾಕಿಸಿ. ತಂದ ಮೇಲೆ ಮತ್ತೆ ಲಾಫ್ಟಿಗೆ ಏರಿಸಬೇಡಿ, ಹಾಲ್‌ನಲ್ಲೇ ಕೈಗೆ ಸಿಗುವಲ್ಲಿ ಇಡಿ. ಜೂನ್ ಬಂದಾಗ ಮಾತ್ರ ಚೀಲದೊಳಗೆ, ಹೊಸ ಬೂಟಿನ ಡಬ್ಬಿಯಲ್ಲಿ ಬರುತ್ತವಲ್ಲ, ಆ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು ಹಾಕಿ.