ಬೇಸ್ ಗಿಟಾರಿನ ಬಾಗಿದ ನೆಕ್: ಸೊನ್ನೆ ಗ್ಯಾಪ್‌ಗೆ ಎರಡು ಅರ್ಥ

ಸೆಕೆಂಡ್ ಹ್ಯಾಂಡ್ ಬೇಸ್ ಒಂದು ಕೈಗೆ ಬಂತು. ತಂತಿ ಇರಲಿಲ್ಲ, ನೆಕ್ಕಿನ (ಕತ್ತಿನ) ತುದಿಯಲ್ಲಿ ಟ್ಯೂನಿಂಗ್ ಕೀಲಿಗಳಿರುವ ಹೆಡ್‌ಸ್ಟಾಕಿನ ಹಿಂದೆ ಕೂದಲೆಳೆಯಂಥ ಸೀಳು. ರಿಪೇರಿಯಲ್ಲಿ ಎಡವಿದ್ದು ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ತಂತಿ ಹಾಕುವುದು, ಟ್ಯೂನ್ ಮಾಡುವುದು ನಿಮಗೆ ಗೊತ್ತೇ ಇರುತ್ತದೆ.

ಸೀಳು

ಇದಕ್ಕೇ ಜಾಸ್ತಿ ಹೆದರಿದ್ದೆ, ಇದೇ ಸುಲಭವಾಯಿತು. ಹೆಡ್‌ಸ್ಟಾಕನ್ನು ತಂತಿ ಎಳೆಯುವ ದಿಕ್ಕಿಗೆ ಮೆಲ್ಲಗೆ ಬಾಗಿಸಿ ನೋಡಿ. ಗೆರೆ ಬಾಯಿ ಬಿಟ್ಟರೆ ಮರ ಸೀಳಿದೆ. ಅಲುಗಾಡದಿದ್ದರೆ ಬರೀ ಪಾಲಿಶ್ ಬಿರುಕು ಬಿಟ್ಟಿರಬಹುದು. ನನ್ನದು ಬಾಯಿ ಬಿಟ್ಟಿತು. ಮರದ ಅಂಟು ಸುರಿದು, ಸೀಳನ್ನು ಒಂದೆರಡು ಸಲ ತೆರೆದು ಮುಚ್ಚಿ ಅಂಟು ಒಳಗೆ ಇಳಿಯುವಂತೆ ಮಾಡಿದೆ. ಹೊರಬಂದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕ್ಲಾಂಪ್ ಹಾಕಿ 24 ಗಂಟೆ ಮುಟ್ಟಲಿಲ್ಲ. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 75 ಕೆಜಿ. ಅದಕ್ಕೇ ಇಲ್ಲಿ ಅವಸರ ಬೇಡ. ಒಳಗೆ ಯಾರೋ ಹಾಕಿದ ಹಳೆ ಅಂಟು ಇದ್ದರೆ ಮರದ ಅಂಟು ಅದರ ಮೇಲೆ ಸರಿಯಾಗಿ ಹಿಡಿಯುವುದಿಲ್ಲ, ಮೊದಲು ಅದನ್ನು ತೆಗೆಯಬೇಕು.

ಆಗ ನೆಕ್ ಒಳಗಿನ ಟ್ರಸ್ ರಾಡ್ ಕಡೆ ತಿರುಗಿಯೂ ನೋಡಲಿಲ್ಲ. ತಪ್ಪಾಗಿದ್ದು ಅಲ್ಲೇ.

ರಾಡ್ ಮಾಡುವ ಕೆಲಸ

ನೆಕ್ ಅಂದರೆ ಬಿಲ್ಲು, ತಂತಿ ಅಂದರೆ ಹೆದೆ. ಹೆದೆ ಬಿಗಿದಷ್ಟೂ ಬಿಲ್ಲು ಮುಂದಕ್ಕೆ ಬಾಗುತ್ತದೆ. ನೆಕ್ ಒಳಗಿನ ಉಕ್ಕಿನ ರಾಡ್ ಅದನ್ನು ಹಿಂದಕ್ಕೆ ಎಳೆಯುತ್ತದೆ. ಎರಡೂ ಎಳೆದು ನಿಂತಾಗ ನೆಕ್ ಒಂಚೂರು ಮುಂದಕ್ಕೆ ಬಾಗಿರಬೇಕು. ಆ ಒಂಚೂರಿಗೆ ರಿಲೀಫ್ ಅನ್ನುತ್ತಾರೆ. ಮೀಟಿದ ತಂತಿ ಅಗಲವಾಗಿ ತೂಗುತ್ತದಲ್ವಾ, ಅದಕ್ಕೆ ಜಾಗ ಬೇಕು.

ಅಳೆಯುವುದು ಹೀಗೆ. ಟ್ಯೂನ್ ಮಾಡಿ, ನುಡಿಸುವ ಭಂಗಿಯಲ್ಲೇ ಹಿಡಿಯಿರಿ. ಮೊದಲನೇ ಫ್ರೆಟ್‌ಗೆ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಕೇಪೋ, ಅಂದರೆ ತಂತಿ ಒತ್ತಿ ಹಿಡಿಯುವ ಕ್ಲಿಪ್ ಹಾಕಿ, ನೆಕ್ ಗಿಟಾರಿನ ಬಾಡಿಗೆ ಸೇರುವ ಕಡೆ ತಂತಿಯನ್ನು ಬೆರಳಲ್ಲಿ ಒತ್ತಿ. ಈಗ ತಂತಿಯೇ ನೇರ ಗೆರೆ. 7 ಅಥವಾ 8ನೇ ಫ್ರೆಟ್ ಮೇಲೆ ಉಳಿದ ಗ್ಯಾಪ್ ಸುಮಾರು 0.3 ಮಿ.ಮೀ. ಇದ್ದರೆ ಸಾಕು.

ನಾನು ಎಡವಿದ ಜಾಗ

ಹೊಸ ತಂತಿ ಹಾಕಿದೆ. ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ ಎಲ್ಲವೂ ಬಝ್, ಅಂದರೆ ತಂತಿ ಫ್ರೆಟ್‌ಗೆ ಬಡಿದು ಝರ್ ಅನ್ನುವ ಸದ್ದು. ಗ್ಯಾಪ್ ನೋಡಿದರೆ ಸೊನ್ನೆ. "ಓಹ್, ನೆಕ್ ನೇರವಾಗೇ ಇದೆ, ಬರೀ ರಾಡ್ ಸಡಿಲವಾಗಿದೆ" ಅಂದುಕೊಂಡು ರಾಡನ್ನು ಕಾಲು ಸುತ್ತು ಬಿಗಿ ಮಾಡಿದೆ. ಬಝ್ ಜಾಸ್ತಿಯಾಯಿತು. ಇನ್ನೂ ಕಾಲು ಸುತ್ತು. ಈಗ ಬೆರಳು ಒತ್ತದೆ ಬಿಡಿ ತಂತಿ ಮೀಟಿದರೂ ಮೊದಲ ಫ್ರೆಟ್‌ಗೆ ಬಡಿಯತೊಡಗಿತು.

ನನ್ನ ತಲೆಗೆ ಹೋಗದೇ ಇದ್ದದ್ದು ಇದು: ಸೊನ್ನೆ ಗ್ಯಾಪ್‌ಗೆ ಎರಡು ಅರ್ಥ. ನೆಕ್ ಪೂರ್ತಿ ನೇರ ಇದ್ದರೂ ತಂತಿ ಫ್ರೆಟ್‌ಗೆ ತಾಗುತ್ತದೆ. ಹಿಂದಕ್ಕೆ ಬಾಗಿ ನಡುವೆ ದಿಬ್ಬ ಎದ್ದಿದ್ದರೂ ತಾಗುತ್ತದೆ. ತಂತಿ ದಿಬ್ಬದ ಮೇಲೆ ಸುಮ್ನೆ ಒರಗಿ ಕೂರುತ್ತದೆ, ದಿಬ್ಬ ಎಷ್ಟು ಎತ್ತರ ಅಂತ ಹೇಳುವುದಿಲ್ಲ.

ಬಿಡಿಸಿ ಹೇಳಿದ್ದು ಸ್ಟೀಲ್ ಸ್ಕೇಲ್. ತಂತಿಯ ನುಡಿಯುವ ಉದ್ದ 34 ಇಂಚು ಇರುವ ಬೇಸ್‌ನಲ್ಲಿ 1ನೇ ಫ್ರೆಟ್‌ನಿಂದ 20ನೇ ಫ್ರೆಟ್‌ಗೆ ಸುಮಾರು 54 ಸೆಂ.ಮೀ., ಹಾಗಾಗಿ 60 ಸೆಂ.ಮೀ. ಸ್ಕೇಲ್ ಸರಿಹೋಗುತ್ತದೆ. ತಂತಿಗಳ ನಡುವೆ ಫ್ರೆಟ್‌ಗಳ ಮೇಲೆ ನಿಲ್ಲಿಸಿದೆ. ಎರಡು ತುದಿಗೆ ಕೂತು ನಡುವೆ ಬೆಳಕು ಕಂಡರೆ ಮುಂಬಾಗು. ನಡುವೆ ಕೂತು ತುದಿಗಳಲ್ಲಿ ಏತದ ಹಾಗೆ ಮೇಲೆ ಕೆಳಗೆ ಆಡಿದರೆ ಹಿಂಬಾಗು. ನನ್ನದು ಏತ.

ಕಾರಣವೂ ಆಗ ಹೊಳೆಯಿತು. ಸೀಳು ಬಂದಾಗ ಹಿಂದಿನವರು ತಂತಿ ಬಿಚ್ಚಿದ್ದಾರೆ, ರಾಡ್ ಬಿಗಿಯಾಗೇ ಬಿಟ್ಟಿದ್ದಾರೆ. ಎದುರಾಳಿಯೇ ಇಲ್ಲದ ಹಗ್ಗಜಗ್ಗಾಟ! ರಾಡ್ ಒಂದೇ ನೆಕ್ಕನ್ನು ಹಿಂದಕ್ಕೆ ಎಳೆದುಕೊಂಡಿದೆ. ಅಂಟು ಹಾಕುವಾಗ ನಾನೂ ಅದನ್ನು ಹಾಗೇ ಬಿಟ್ಟೆ. ಜಾಸ್ತಿ ದಿನ ತಂತಿ ತೆಗೆದಿಡುವುದಾದರೆ ರಾಡನ್ನೂ ಸಡಿಲಿಸಿ.

ಯಾವ ಕಡೆ ತಿರುಗಿಸಬೇಕು

ರಾಡ್‌ನ ನಟ್‌ಗೆ ಎದುರಾಗಿ ನಿಂತು ನೋಡಿ (ತಂತಿ ಕೂರುವ ನಟ್ ಬೇರೆ, ಈ ಹೆಸರಿನ ಗೊಂದಲಕ್ಕೆ ಮದ್ದಿಲ್ಲ). ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಗಿ, ನೆಕ್ ಹಿಂದಕ್ಕೆ. ಎದುರು ದಿಕ್ಕಿಗೆ ಸಡಿಲ, ತಂತಿ ಅದನ್ನು ಮುಂದಕ್ಕೆ ಎಳೆಯುತ್ತದೆ. ನಟ್ ಬಾಡಿ ಕಡೆ ಇದ್ದರೆ ಎಲ್ಲ ಉಲ್ಟಾ ಅಂತ ಎರಡು ದಿನ ನಂಬಿದ್ದೆ. ಉಲ್ಟಾ ಅಲ್ಲ. ಎದುರಿಗೆ ನಿಂತವರಿಗೆ ಎರಡೂ ಕಡೆ ಒಂದೇ.

ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಟ್ಯೂನ್ ಮಾಡಿ ಅಳೆಯಿರಿ. ಮರ ನಿಧಾನ, ಒಂದು ರಾತ್ರಿ ಬಿಟ್ಟು ನೋಡಿದರೆ ಇನ್ನಷ್ಟು ಸರಿದಿರುತ್ತದೆ. ತಿರುಗದೇ ಹಟ ಹಿಡಿದರೆ ಬಲ ಹಾಕಬೇಡಿ, ನಟ್‌ನ ಮೂಲೆ ಸವೆದರೆ ಈಗಿನ ತೊಂದರೆ ಏನೂ ಅಲ್ಲ ಅನ್ನಿಸುತ್ತದೆ. ನನಗೆ ಒಟ್ಟು ಮುಕ್ಕಾಲು ಸುತ್ತು ಸಡಿಲಿಸಬೇಕಾಯಿತು, ಅದರಲ್ಲಿ ಅರ್ಧ ನಾನೇ ಬಿಗಿದದ್ದು.

ಕೆಲವು ರಾಡ್‌ಗಳು ಒಂದೇ ಕಡೆ ಎಳೆಯುತ್ತವೆ. ಪೂರ್ತಿ ಸಡಿಲಾದ ಮೇಲೂ ನೆಕ್ ಹಿಂಬಾಗಿದ್ದರೆ ಅವುಗಳ ಕೈಯಲ್ಲಿ ಏನೂ ಇಲ್ಲ. ಎರಡೂ ಕಡೆ ಕೆಲಸ ಮಾಡುವ ರಾಡ್ ಆದರೆ ನಡುವಿನ ಸಡಿಲು ದಾಟಿ ಮತ್ತೆ ಬಿಗಿಯಾಗುತ್ತದೆ, ನೆಕ್ಕನ್ನು ಮುಂದಕ್ಕೆ ದೂಡುತ್ತದೆ.

ಉಳಿದದ್ದು

ತಂತಿಯ ಎತ್ತರ ಸರಿಮಾಡುವುದು ರಿಲೀಫ್ ಆದ ಮೇಲೆ, ಬಾಡಿ ಮೇಲೆ ತಂತಿ ಕೂರುವ ಬ್ರಿಡ್ಜ್‌ನಲ್ಲಿ. ನಾನು 17ನೇ ಫ್ರೆಟ್‌ನಲ್ಲಿ ಇ ತಂತಿಗೆ 2.4, ಜಿ ತಂತಿಗೆ 2 ಮಿ.ಮೀ. ಇಟ್ಟೆ. ಆದರೂ ಎ ತಂತಿ 5ನೇ ಫ್ರೆಟ್‌ನಲ್ಲಿ ಮಾತ್ರ ಕಿರುಗುಟ್ಟುತ್ತಿತ್ತು. ಮೂರೇ ಫ್ರೆಟ್ ಮುಟ್ಟುವ ಸಣ್ಣ ನೇರ ಪಟ್ಟಿ ಇಟ್ಟೆ. 6ನೆಯದರ ಮೇಲೆ ಆಡಿತು. ಆ ಫ್ರೆಟ್ ತುದಿಯಲ್ಲಿ ಮೇಲೆದ್ದಿತ್ತು. ಒಂದು ಹನಿ ಸೂಪರ್ ಗ್ಲೂ, ಮೇಲೆ ಮರದ ತುಂಡಿಟ್ಟು ಕ್ಲಾಂಪ್. ಕಿರುಗುಟ್ಟುವುದು ನಿಂತಿತು.