ಉಪ್ಪುನೀರಿಗೆ ಸ್ಪಿರಿಟ್ ಬಿದ್ದರೆ ಬಿಳಿ ಪುಡಿ ಏಕೆ ಕೂರುತ್ತದೆ?

ಪ್ರಶ್ನೆ: ಉಪ್ಪಿನ ಸಂತೃಪ್ತ (ಇನ್ನಷ್ಟು ಉಪ್ಪು ಕರಗದ) ದ್ರಾವಣಕ್ಕೆ ಸ್ಪಿರಿಟ್ ಸುರಿದರೆ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ಸ್ಪಿರಿಟ್ ನೀರಿನೊಳಗಿನ ಜಾಗವನ್ನು ಹಿಡಿದುಕೊಂಡು ಉಪ್ಪನ್ನು ಹೊರದೂಡುವುದೇ ಇದಕ್ಕೆ ಕಾರಣವೇ?

ಉತ್ತರ: ಕಾಕಂಬಿಯಿಂದ ಸ್ಪಿರಿಟ್ ತೆಗೆಯುವ ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ರಸಾಯನಶಾಸ್ತ್ರ ಕಲಿಸುವವನಿಗೆ ಈ ಪ್ರಶ್ನೆ ವರ್ಷವೂ ತಪ್ಪದೆ ಬರುತ್ತದೆ, ಅದರ ಬಾಲಕ್ಕೆ ಈ ತಪ್ಪು ಉತ್ತರವೂ ಅಂಟಿಕೊಂಡೇ ಬರುತ್ತದೆ. ಪುಡಿ ಹೊಸ ಪದಾರ್ಥವೇನಲ್ಲ, ಅದೇ ಉಪ್ಪು; ಸಾಕಷ್ಟು ನೀರು ಹಾಕಿ ಅಲುಗಾಡಿಸಿದರೆ ಮತ್ತೆ ಕರಗುತ್ತದೆ. ತಕರಾರಿರುವುದು ‘ಜಾಗ’ದ ಬಗ್ಗೆ.

ನೀರನ್ನು ಜಾತ್ರೆಗೆ ಹೊರಟ ಬಸ್ಸೆಂದು ಭಾವಿಸುವುದನ್ನು ದಯವಿಟ್ಟು ಬಿಡಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಗ್ರಾಂ ನೀರು ಸುಮಾರು 36 ಗ್ರಾಂ ಅಡುಗೆ ಉಪ್ಪನ್ನು (ಸೋಡಿಯಂ ಕ್ಲೋರೈಡ್) ಕರಗಿಸಿಕೊಂಡರೆ, ಪೊಟ್ಯಾಸಿಯಂ ಅಯೋಡೈಡನ್ನು 140 ಗ್ರಾಂಗೂ ಮೀರಿ ಕರಗಿಸಿಕೊಳ್ಳುತ್ತದೆ. ಸೋಡಿಯಂಗಿಂತ ಪೊಟ್ಯಾಸಿಯಂ, ಕ್ಲೋರೈಡ್‌ಗಿಂತ ಅಯೋಡೈಡ್ ದೊಡ್ಡ ಅಯಾನುಗಳು (ವಿದ್ಯುದಾವೇಶ ಹೊತ್ತ ಕಣಗಳು). ಸಣ್ಣವರಿಗೆ ಸಿಗದ ಸೀಟು ದೊಡ್ಡವರಿಗೆ ಹೇಗೆ ಸಿಕ್ಕಿತು? ತೂಕವನ್ನು ಬಿಟ್ಟು ಅಯಾನುಗಳನ್ನೇ ಎಣಿಸಿದರೂ ಅಯೋಡೈಡಿನದೇ ಮೇಲುಗೈ. ಇನ್ನು ಉಪ್ಪಿನ ಸುಳಿವೇ ಇಲ್ಲದ, ಬಸ್ಸೆಲ್ಲ ಖಾಲಿ ಇರುವ, ಸ್ಪಿರಿಟಿನ ಮುಖ್ಯ ಅಂಶವಾದ ಶುದ್ಧ ಎಥನಾಲ್‌ನ 100 ಗ್ರಾಂನಲ್ಲಿ 0.1 ಗ್ರಾಂ ಉಪ್ಪು ಕೂಡ ಕರಗುವುದಿಲ್ಲ; ಅದೇ ಎಥನಾಲ್‌ನಲ್ಲಿ ಲಿಥಿಯಂ ಕ್ಲೋರೈಡ್ ಧಾರಾಳವಾಗಿ ಕರಗುತ್ತದೆ. ಜಾಗದ ವಾದ ಇಲ್ಲಿಗೆ ನಿಲ್ಲಬೇಕು, ಆದರೆ ಮುಂದಿನ ಜೂನ್‌ನಲ್ಲಿ ಮತ್ತೆ ಎದ್ದು ಬರುತ್ತದೆಂದು ನನಗೆ ಗೊತ್ತು.

ನಿಜವಾದ ವಿಷಯ ಸೆಳೆತದ್ದು. ವಿರುದ್ಧ ಆವೇಶದ ಅಯಾನುಗಳ ನಡುವಿನ ಸೆಳೆತವನ್ನು ದ್ರಾವಕ ಎಷ್ಟು ತಗ್ಗಿಸಬಲ್ಲದು ಎಂಬುದನ್ನು ಡೈಎಲೆಕ್ಟ್ರಿಕ್ ಸ್ಥಿರಾಂಕ ಹೇಳುತ್ತದೆ. ಅದು ನೀರಿಗೆ ಸುಮಾರು 78, ಎಥನಾಲ್‌ಗೆ ಸುಮಾರು 24. ಅಂದರೆ ಅಷ್ಟೇ ದೂರದಲ್ಲಿರುವ ಸೋಡಿಯಂ ಮತ್ತು ಕ್ಲೋರೈಡ್ ಎಥನಾಲ್‌ನಲ್ಲಿ ಮೂರು ಪಟ್ಟಿಗೂ ಹೆಚ್ಚಿನ ಬಲದಿಂದ ಒಂದನ್ನೊಂದು ಎಳೆಯುತ್ತವೆ. ಜೊತೆಗೆ, ಸೋಡಿಯಂಗೆ ಆಮ್ಲಜನಕದ ಬದಿಯನ್ನೂ ಕ್ಲೋರೈಡ್‌ಗೆ ಜಲಜನಕದ ಬದಿಯನ್ನೂ ತಿರುಗಿಸಿ ಒತ್ತಾಗಿ ಸುತ್ತುವರಿಯುವ ಪುಟ್ಟ ನೀರಿನ ಅಣುಗಳ ಕೆಲಸವನ್ನು, ಇಂಗಾಲದ ಬಾಲ ಹೊತ್ತ ಎಥನಾಲ್ ಅಣು ಅಷ್ಟು ಚೆನ್ನಾಗಿ ಮಾಡಲಾರದು. ಮಿಶ್ರಣದಲ್ಲಿ ಈ ಅಯಾನುಗಳು ನೀರನ್ನೇ ಹತ್ತಿರ ಇಟ್ಟುಕೊಳ್ಳಲು ನೋಡುತ್ತವೆ, ಆದರೆ ಎಥನಾಲ್ ಕೂಡ ನೀರಿನೊಡನೆ ಜಲಜನಕ ಬಂಧ ಕಟ್ಟಿಕೊಳ್ಳುತ್ತದೆ. ‘ಸ್ಪಿರಿಟ್ ನೀರನ್ನು ಕಸಿಯುತ್ತದೆ’ ಎಂದವರಿಗೆ ಅರ್ಧ ಅಂಕ ಕೊಡುತ್ತೇನೆ.

ಪ್ರನಾಳದ ಗೋಡೆಗುಂಟ ಸ್ಪಿರಿಟನ್ನು ನಿಧಾನವಾಗಿ ಇಳಿಸಿದರೆ ಅದು ಹಗುರವಾದ್ದರಿಂದ ಮೇಲೆ ನಿಲ್ಲುತ್ತದೆ, ಎರಡೂ ಕೂಡುವ ಗೆರೆಯಲ್ಲಿ ಹಾಲಿನಂಥ ಮಬ್ಬು ಮೂಡುತ್ತದೆ. ಅಲುಗಾಡಿಸಿದರೆ ಆ ಮಬ್ಬು ನುಣ್ಣನೆಯ ಹರಳುಗಳಾಗಿ ಕೆಳಗಿಳಿಯುತ್ತದೆ. ದ್ರಾವಣದಲ್ಲೇ ಉಳಿದ ಅಯಾನುಗಳೂ ಪೂರ್ತಿ ಬಿಡಿಯಾಗಿರುವುದಿಲ್ಲ. ಸ್ಪಿರಿಟ್ ಹೆಚ್ಚಿದಂತೆ ಜೋಡಿಯಾಗುವುದೂ ಹೆಚ್ಚುತ್ತದೆ. ಇಂಥ ಅಯಾನು ಜೋಡಿಗಳ ಲೆಕ್ಕವನ್ನು ಡೆನ್ಮಾರ್ಕಿನ ನೀಲ್ಸ್ ಬ್ಯೆರಮ್ 1926ರಲ್ಲೇ ಮುಂದಿಟ್ಟಿದ್ದರು.

ಯಾರೂ ಕೇಳದ ಇನ್ನೊಂದು ಮಾತು. ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯುವ ಪ್ರಯೋಗದಲ್ಲಿ ಮೊದಲು ಉಪ್ಪು, ಕೊನೆಗೆ ತಣ್ಣನೆಯ ಸ್ಪಿರಿಟ್ ಹಾಕಿಸುತ್ತೇವೆ. ಆ ಉಪ್ಪು ರುಚಿಗಾಗಿ ಅಲ್ಲ. ಡಿಎನ್‌ಎ ಎಳೆಗಳ ಫಾಸ್ಫೇಟ್‌ಗಳು ಋಣ ಆವೇಶದವು, ಒಂದನ್ನೊಂದು ದೂರ ತಳ್ಳುತ್ತವೆ. ನೀರಿನಲ್ಲಿ ಸಡಿಲವಾಗಿ ಸುಳಿದಾಡುವ ಸೋಡಿಯಂ, ಸ್ಪಿರಿಟ್ ಬಂದೊಡನೆ ಫಾಸ್ಫೇಟ್‌ಗಳಿಗೆ ಬಿಗಿಯಾಗಿ ಅಂಟಿ ಆ ತಳ್ಳಾಟವನ್ನು ಅಡಗಿಸುತ್ತದೆ; ಆಗ ಎಳೆಗಳು ಒಟ್ಟುಗೂಡಿ, ಕಡ್ಡಿಗೆ ಸುತ್ತಿ ತೆಗೆಯಬಹುದಾದ ಬಿಳಿ ನೂಲಾಗಿ ಮೇಲೇಳುತ್ತವೆ.