ಸಂಘದ ಮಂಡಳಿ ‘ಬೇಡ’ ಅಂದಾಗ: ಲೆವಿನ್ ಪಾಠದ ಟಿಪ್ಪಣಿ

ಸಹಕಾರ ಡಿಪ್ಲೊಮಾ ಪರೀಕ್ಷೆಗೆ ನನ್ನ ಜೊತೆ ಓದುತ್ತಿರುವವರಿಗೆ ಇದು. ಗುಂಪುಗಳು ಹೇಗೆ ಬದಲಾಗುತ್ತವೆ ಅಂತ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಪಾಠದಲ್ಲಿ ಒಂದೇ ಒಂದು ಕಡೆ ನಾನು ಎರಡು ವಾರ ಸಿಕ್ಕಿಕೊಂಡಿದ್ದೆ. ಈಗ ಬಿಡಿಸಿಕೊಂಡಿದ್ದೇನೆ. ಮರೆಯುವ ಮೊದಲು ಬರೆದಿಡುತ್ತೇನೆ.

ಬದಲಾವಣೆಯ ಮೂರು ಹಂತ ಎಲ್ಲರಿಗೂ ಬಾಯಿಪಾಠ: ಹೆಪ್ಪು ಕರಗಿಸು, ಬದಲಿಸು, ಮತ್ತೆ ಹೆಪ್ಪುಗಟ್ಟಿಸು. 1947ರ ಲೇಖನದಲ್ಲಿದೆ. ಅದನ್ನು ಬಿಡೋಣ.

ನನಗೆ ತೊಡಕಾಗಿದ್ದು ಬಲಗಳ ಚಿತ್ರ. ಒಂದು ಕಡೆ ದೂಡುವ ಬಲ, ಎದುರಿಗೆ ತಡೆಯುವ ಬಲ. ಎರಡೂ ಸಮ ಇದ್ದರೆ ಸಂಘ ಇದ್ದಲ್ಲೇ ಇರುತ್ತದೆ. ಮುಂದೆ ಸಾಗಬೇಕಾದರೆ ದೂಡುವುದನ್ನು ಹೆಚ್ಚಿಸಬೇಕು, ಇಲ್ಲವೇ ತಡೆಯುವುದನ್ನು ತಗ್ಗಿಸಬೇಕು. ಎರಡನೆಯದೇ ಒಳ್ಳೆಯದು ಅನ್ನುತ್ತಾರೆ ಲೆವಿನ್. ಯಾಕೆ? ಲೆಕ್ಕ ಎರಡೂ ಒಂದೇ ಅಲ್ವಾ?

ಅಂಕಿ ಹಾಕಿ ನೋಡಿದ ಮೇಲೆ ಹೊಳೆಯಿತು. ಎರಡೂ ಕಡೆ 5 ಇದೆ ಅಂದುಕೊಳ್ಳಿ. ದೂಡುವುದನ್ನು 7 ಮಾಡಿದರೆ 7ಕ್ಕೆ 5. ಮುನ್ನಡೆ 2. ತಡೆಯುವುದನ್ನು 3ಕ್ಕೆ ಇಳಿಸಿದರೆ 5ಕ್ಕೆ 3. ಮುನ್ನಡೆ ಅದೇ 2. ಈಗ ಕಳೆಯಬೇಡಿ, ಕೂಡಿ. ಮೊದಲನೆಯದರಲ್ಲಿ ಒಟ್ಟು ಒತ್ತಡ 12, ಎರಡನೆಯದರಲ್ಲಿ 8. ಸಾಗಿದ ದೂರ ಅಷ್ಟೇ, ಆದರೆ ಮೊದಲನೆಯ ದಾರಿಯಲ್ಲಿ ಸಭೆಯೊಳಗಿನ ಬಿಗುವು ಜಾಸ್ತಿಯಾಗಿದೆ. ದೂಡುವ ಕೈ ತೆಗೆದ ಕೂಡಲೇ ಹಿಂದಕ್ಕೆ ಬರುತ್ತದೆ. ನಾನು ಇಷ್ಟು ದಿನ ಕಳೆಯುತ್ತಲೇ ಇದ್ದೆ, ಕೂಡಿರಲಿಲ್ಲ.

ಮುಳಬಾಗಿಲು ಕಡೆಯ ನಮ್ಮೂರ ಹಾಲಿನ ಸಂಘದಲ್ಲಿ ಇದನ್ನು ಕಣ್ಣಾರೆ ಕಂಡೆ. ಹಾಲಿನ ದುಡ್ಡಿನ ಬಟವಾಡೆಯನ್ನು ನಗದು ಬಿಟ್ಟು ಬ್ಯಾಂಕ್ ಖಾತೆಗೆ ಹಾಕೋಣ ಅಂತ ಮಂಡಳಿಯಲ್ಲಿ ವಿಷಯ ಇಟ್ಟವನು ನಾನೇ. ನಿರ್ದೇಶಕರು ಒಪ್ಪಲಿಲ್ಲ. ನಾನು ದೂಡಿದೆ: ‘ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಆಗಲೇ ಖಾತೆಗೇ ಬರ್ತಿದೆ. ಎಲ್ಲರಿಗೂ ಖಾತೆ ಇದೆ. ಇನ್ನೇನು ಕಷ್ಟ?’ ಎರಡು ಸಭೆ ಹೀಗೇ ಹೋಯಿತು. ದನಿ ಏರಿತು, ಠರಾವು ಆಗಲಿಲ್ಲ.

ಸಂಜೆ ಹಾಲು ಹಾಕಿ ಕ್ಯಾನು ತೊಳೆಯುತ್ತಾ ನಿಂತಿದ್ದ ಮಹಿಳಾ ನಿರ್ದೇಶಕಿಯೊಬ್ಬರನ್ನು ಕೇಳಿದೆ. ‘ಅಕ್ಕಾ, ನೀವ್ಯಾಕೆ ಬೇಡ ಅಂದ್ರಿ?’

‘ಪ್ರೋತ್ಸಾಹಧನದ ಖಾತೆ ಯಾರ ಹೆಸರಲ್ಲಿದೆಯಪ್ಪಾ? ನಮ್ಮ ಯಜಮಾನರದು. ಹುಲ್ಲು ಕೊಯ್ದು ಹಾಲು ಕರೆಯೋಳು ನಾನು. ಬಟವಾಡೆ ದಿನ ಈ ದುಡ್ಡು ನನ್ನ ಕೈಗೆ ಬರುತ್ತೆ. ಅದನ್ನೂ ಅಲ್ಲಿಗೇ ಹಾಕ್ತೀಯಾ?’

ನನ್ನ ಬಲವಾದ ವಾದವೇ ಅವರಿಗೆ ಭಯ ಹುಟ್ಟಿಸಿತ್ತು. ನಾನು ದೂಡಿದಷ್ಟೂ ಆಚೆಯ ತಡೆ ಬಲಿಯುತ್ತಿತ್ತು.

ಆಮೇಲೆ ವಾದ ನಿಲ್ಲಿಸಿ ತಡೆಗಳನ್ನು ಒಂದೊಂದಾಗಿ ಬರೆದೆವು. ಹಾಲು ಹಾಕುವ ಹೆಂಗಸರ ಹೆಸರಿಗೇ ಖಾತೆ. ಬಟವಾಡೆ ದಿನ ಬ್ಯಾಂಕ್ ಮಿತ್ರ (ಊರಲ್ಲೇ ದುಡ್ಡು ತೆಗೆದುಕೊಡುವ ಬ್ಯಾಂಕಿನ ಪ್ರತಿನಿಧಿ) ಹೆಬ್ಬೆಟ್ಟಿನ ಮಷಿನ್ ಹಿಡಿದು ಡೈರಿ ಬಾಗಿಲಿಗೇ ಬರಬೇಕು, ಬ್ಯಾಂಕಿಗೆ ಅಲೆದು ಒಂದು ದಿನದ ಕೂಲಿ ಹೋಗಬಾರದು. ಬೂಸಾ, ಹಿಂಡಿ ಬಾಕಿಯನ್ನು ಮೊದಲಿನಂತೆ ಚೀಟಿಯಲ್ಲಿ ತೋರಿಸಿಯೇ ಮುರಿದುಕೊಳ್ಳಬೇಕು. ಮೂರನ್ನೂ ಹೇಳಿದವರು ‘ಬೇಡ’ ಅಂದವರೇ. ಮುಂದಿನ ಸಭೆಯಲ್ಲಿ ಠರಾವು ಮಂಡಿಸಿದ್ದೂ ಆ ಅಕ್ಕನೇ.

ಇಲ್ಲಿ ಕಾಕ್ ಮತ್ತು ಫ್ರೆಂಚ್ ಅನ್ನುವ ಸಂಶೋಧಕರ 1948ರ ಅಧ್ಯಯನ ಸೇರಿಸಿಕೊಳ್ಳಿ. ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯಲ್ಲಿ ಕೆಲಸದ ರೀತಿ ಬದಲಿಸಿದರು. ಸುಮ್ನೆ ತಿಳಿಸಿಬಿಟ್ಟ ಗುಂಪಿನಲ್ಲಿ ಮೊದಲ 40 ದಿನದಲ್ಲೇ ನೂರಕ್ಕೆ 17 ಜನ ಕೆಲಸ ಬಿಟ್ಟರು. ಬದಲಾವಣೆ ರೂಪಿಸುವಾಗಲೇ ಎಲ್ಲರನ್ನೂ ಕೂರಿಸಿಕೊಂಡ ಗುಂಪುಗಳಲ್ಲಿ ಆ ಅವಧಿಯಲ್ಲಿ ಯಾರೂ ಬಿಡಲಿಲ್ಲ. ‘ರೂಪಿಸುವಾಗಲೇ’ ಅನ್ನುವುದಕ್ಕೆ ಗೆರೆ ಎಳೆಯಿರಿ. ತೀರ್ಮಾನ ಮಾಡಿಕೊಂಡು ಬಂದು ‘ಏನಂತೀರಿ?’ ಅನ್ನುವುದು ಭಾಗವಹಿಸುವಿಕೆ ಅಲ್ಲ. ನನ್ನ ಮೊದಲ ಎರಡು ಸಭೆ ಅದೇ ಆಗಿತ್ತು.

ಕಾಟರ್, ಶ್ಲೆಸಿಂಜರ್ ಅನ್ನುವ ಇಬ್ಬರು ಲೇಖಕರು (1979) ಬದಲಾವಣೆಯ ವಿರೋಧಕ್ಕೆ ಕೊಡುವ ನಾಲ್ಕು ಕಾರಣ: ತಮ್ಮ ಲಾಭ ಹೋಗುವ ಭಯ, ತಪ್ಪು ತಿಳಿವಳಿಕೆ ಮತ್ತು ನಂಬಿಕೆ ಇಲ್ಲದಿರುವುದು, ಲಾಭ-ನಷ್ಟವನ್ನು ಬೇರೆ ರೀತಿ ಅಳೆಯುವುದು, ಬದಲಾವಣೆ ತಾಳಿಕೊಳ್ಳುವ ಶಕ್ತಿ ಕಡಿಮೆ ಇರುವುದು. ಪರೀಕ್ಷೆಯಲ್ಲಿ ಮೂರನೆಯದನ್ನು ಬಿಡಬೇಡಿ. ಅಕ್ಕನದು ಅದೇ. ನನಗೆ ಕಾಣದ ನಷ್ಟ ಅವರಿಗೆ ಕಂಡಿತ್ತು.

ಲೆವಿನ್ ಅವರ ಮೂರನೇ ಹಂತಕ್ಕೆ, ಅಂದರೆ ಮತ್ತೆ ಹೆಪ್ಪುಗಟ್ಟಿಸುವುದಕ್ಕೆ, ಒಂದೇ ಮಾತು. ಮಂಡಳಿಯ ಅವಧಿ 5 ವರ್ಷ, ಆಮೇಲೆ ಹೊಸ ನಿರ್ದೇಶಕರು ಬರುತ್ತಾರೆ. ಅದಕ್ಕೇ ನಮ್ಮ ನಡಾವಳಿ ಪುಸ್ತಕದಲ್ಲಿ ‘ಹಾಲು ಹಾಕುವವರ ಹೆಸರಿನ ಖಾತೆಗೇ’ ಅನ್ನುವ ಮಾತನ್ನು ಹಾಗೇ ಬರೆಸಿದ್ದೇವೆ.